ಒಂಟೆಪ್ಪನ ಕನ್ನಡ

ಕಳೆದ ವಾರ ನಮ್ಮ ಮನೆಗೆ ಕೊರಿಯರ್‌ನಲ್ಲಿ ಒಂದು ದೊಡ್ಡ ಡಬ್ಬಿ ಬಂತು. ಒಡೆದು ನೋಡಿದರೆ ಕಾಫಿ ಮಗ್ಗುಗಳು. ಎಲ್ಲದರ ಮೇಲೂ ಒಂದೊಂದು ಒಂಟೆಯ ಚಿತ್ರ, ಅದರ ಕೆಳಗೆ ಕೆಂಪು ಅಕ್ಷರದಲ್ಲಿ ‘ತಡೀಪಾ, ಸ್ವಲ್ಪ ವಿಚಾರ ಮಾಡೂಣು’ ಎಂಬ ಮಾತು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡು ಓದಿದೆ. ಅಕ್ಷರ ಬದಲಾಗಲಿಲ್ಲ. ಒಂಟೆಯ ಬಗ್ಗೆ ನನ್ನ ತಕರಾರೇನೂ ಇಲ್ಲ. ಆದರೆ ಆ ಮಾತು ನನ್ನದು.

“ಇದೇನೋ ಇದು?” ಎಂದು ಮಗ ಸಂಜೀವನನ್ನು ಕೇಳಿದೆ.

“ಒಂಟೆಪ್ಪ, ಅಮ್ಮಾ. ನಮ್ಮ ಗ್ರೂಪಿನವರೆಲ್ಲಾ ಕೂಡಿ ಮಾಡಿಸೀವಿ. ಭಾನುವಾರ ಟೀವಿಯೊಳಗ ಗೊಂಬಿ ಕಾರ್ಯಕ್ರಮ ಬರತಿತ್ತಲ್ಲ, ನಿನಗ ನೆನಪಿಲ್ಲೇನು?”

ನೀವೇ ಹೇಳಿ, ಇಂಥ ಪ್ರಶ್ನೆಗೆ ಏನು ಉತ್ತರ ಕೊಡುವುದು? ನನಗೆ ನೆನಪಿಲ್ಲವಂತೆ. ಆ ಒಂಟೆಗೆ ಕನ್ನಡ ಕಲಿಸಿದವಳು ನಾನು, ಹೆಸರಿಟ್ಟವಳು ನಾನು, ವರ್ಷಗಟ್ಟಲೆ ಅದರ ಬಾಯಿ ಆಗಿದ್ದವಳು ನಾನು. ಈಗ ನನಗೇ ಅದರ ಪರಿಚಯ ಮಾಡಿಸಲು ಹೊರಟಿದ್ದಾನೆ ನನ್ನ ಮಗ. ಮೈ ಗುಡ್‌ನೆಸ್ ಎಂದು ಮನಸ್ಸಿನಲ್ಲೇ ಅಂದುಕೊಂಡು, ಮಗ್ಗನ್ನು ಡಬ್ಬಿಯೊಳಗೆ ಮುಖ ಕೆಳಗೆ ಮಾಡಿ ಇಟ್ಟೆ.

ಸುಮ್ಮನೆ ಹೇಳಿಬಿಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ನಮ್ಮ ಸಿಸ್ಟರ್‌ಗಳು ನಮಗೆ ಒಂದು ವಿಷಯವನ್ನು ಮಾತ್ರ ಚೆನ್ನಾಗಿ ಅರೆದು ಕುಡಿಸಿದ್ದರು: ತಾನು ಮಾಡಿದ್ದನ್ನು ತಾನೇ ಹೇಳಿಕೊಂಡು ತಿರುಗುವ ಹುಡುಗಿ ಲೇಡಿ ಅಲ್ಲ. ಟೇಬಲ್ ಮ್ಯಾನರ್ಸ್ ಮರೆತಿದ್ದೇನೆ, ಲ್ಯಾಟಿನ್ ಪ್ರಾರ್ಥನೆ ಮರೆತಿದ್ದೇನೆ, ಇದೊಂದು ಮಾತ್ರ ಹೋಗಲೊಲ್ಲದು. ಅಲ್ಲದೆ ಹೇಳಿ ನೆನಪು ಮಾಡಿಕೊಟ್ಟರೆ ಅದರಲ್ಲಿ ಸುಖವೇನು ಬಂತು? ನನ್ನ ಆಸೆ ಇಷ್ಟೇ ಇತ್ತು. ಈ ಗುಂಪಿನಲ್ಲಿ ಯಾರಾದರೂ ಒಬ್ಬರು, ಒಬ್ಬರೇ ಒಬ್ಬರು, ನಾನು ಬಾಯಿ ಬಿಡದೆ, ತಾವಾಗಿಯೇ ‘ಅದು ಕಾಕೂನ ದನಿ’ ಎಂದು ಅನ್ನಬೇಕು. ಕಾಕೂ ಎಂದರೆ ಚಿಕ್ಕಮ್ಮ, ಇವರೆಲ್ಲ ನನ್ನನ್ನು ಕರೆಯುವುದು ಹಾಗೆ. ಎಪ್ಪತ್ತು ದಾಟಿದ ಹೆಂಗಸಿಗೆ ಇಷ್ಟು ಆಸೆ ಹೆಚ್ಚೇನಲ್ಲ ಎಂದು ನನ್ನ ಭಾವನೆ.

ಗುಂಪು ಎಂದರೆ ಮೊಬೈಲಿನಲ್ಲಿರುವ ‘ಬಚ್ಚಾ ಪಾರ್ಟಿ’. ಅದರಲ್ಲಿರುವ ಬಚ್ಚಾಗಳಲ್ಲಿ ಇಬ್ಬರಿಗೆ ಮಂಡಿನೋವು, ಮೂವರಿಗೆ ಸಕ್ಕರೆ ಕಾಯಿಲೆ, ತಲೆಗೂದಲಿನ ವಿಚಾರ ಬೇಡವೇ ಬೇಡ. ಪುಣೆಯ ಕೋಥರೂಡದಲ್ಲಿ ಈಗ ನಾವಿರುವ ಈ ಎತ್ತರದ ಟವರ್ ಇದ್ದ ಜಾಗದಲ್ಲೇ ಆಗ ಮೂರು ಅಂತಸ್ತಿನ ಬಿಲ್ಡಿಂಗ್ ಇತ್ತು. ಒಂದೇ ಸರಕಾರಿ ಕಚೇರಿಯಲ್ಲಿ ಕೆಲಸಕ್ಕಿದ್ದ ಧಾರವಾಡ, ಗದಗ, ಬೆಳಗಾವಿ ಕಡೆಯವರು ಸೇರಿ ಕಟ್ಟಿಸಿಕೊಂಡ ಸೊಸೈಟಿ. ಎರಡು ಮೂರು ಮನೆ ಬಿಟ್ಟರೆ ಉಳಿದವೆಲ್ಲ ಕನ್ನಡದ ಮನೆಗಳು. ಅಲ್ಲಿ ಬೆಳೆದ ಮಕ್ಕಳೇ ಈ ಬಚ್ಚಾ ಪಾರ್ಟಿ. ದಿನವೂ ಬೆಳಿಗ್ಗೆ ಅವರು ಹಳೆಯದನ್ನು ನೆನೆದು ಕಣ್ಣೀರು ಹಾಕುತ್ತಾರೆ. ಒಬ್ಬನು ಲೋಣಾವಳಾದಿಂದ ತರುತ್ತಿದ್ದ ಚಿಕ್ಕಿಯ ರುಚಿ ಈಗಿಲ್ಲ ಎನ್ನುತ್ತಾನೆ. ಇನ್ನೊಬ್ಬಳು ಆಗಿನ ಮಳೆಯೇ ಬೇರೆ ಎನ್ನುತ್ತಾಳೆ. ಆ ಮಳೆಯಲ್ಲಿ ಇವರ ಯೂನಿಫಾರ್ಮ್ ಒಣಗದೆ, ಕಾದ ಹಂಚಿನ ಮೇಲೆ ಹಿಡಿದು, ಇಸ್ತ್ರಿ ಮಾಡಿ, ಸುಟ್ಟ ವಾಸನೆಯ ಅಂಗಿ ತೊಡಿಸಿ ಶಾಲೆಗೆ ಕಳಿಸಿದ ನಾವು ಯಾರೂ ಆ ಗುಂಪಿನಲ್ಲಿ ಇಲ್ಲ. ನಾಸ್ಟಾಲ್ಜಿಯಾ ಎನ್ನುವುದು ಆಗ ಕೆಲಸ ಮಾಡದೆ ಕೂತಿದ್ದವರಿಗೇ ಹೆಚ್ಚು ಬರುತ್ತದೆಯೋ ಏನೋ.

ಟೀವಿಯ ವಿಷಯಕ್ಕೆ ಬರುತ್ತೇನೆ. ಬಿಲ್ಡಿಂಗಿನಲ್ಲಿ ಮೊದಲು ಟೀವಿ ಬಂದದ್ದು ನಮ್ಮ ಮನೆಗೆ. ಕಪ್ಪು ಬಿಳುಪಿನದು. ಅದಕ್ಕೊಂದು ಮರದ ಪೆಟ್ಟಿಗೆ, ಎರಡು ಕಡೆಗೂ ಸರಿಯುವ ಬಾಗಿಲು, ಬಾಗಿಲಿಗೆ ಬೀಗ. ಅದರ ಮೇಲೆ ಹಾಕಲು ನಾನೇ ಬಾತುಕೋಳಿಗಳ ಕಸೂತಿ ಹಾಕಿದ ಬಟ್ಟೆ. ನಮ್ಮವರು ಟೆರೇಸಿಗೆ ಹತ್ತಿ ಆಂಟೆನಾವನ್ನು ಟೀವಿ ಟವರ್ ಇದ್ದ ಸಿಂಹಗಡದ ಕಡೆಗೆ ತಿರುಗಿಸುತ್ತ “ಬಂತೇನು?” ಎಂದು ಕೂಗುವುದು, ಕೆಳಗಿನಿಂದ ಒಂದು ಕಿಟಕಿಯವರು “ಬಂತು” ಎಂದರೆ ಇನ್ನೊಂದು ಕಿಟಕಿಯವರು “ಹೋತು” ಎನ್ನುವುದು. ಭಾನುವಾರ ಬಂತೆಂದರೆ ಬಿಲ್ಡಿಂಗಿನ ಅಷ್ಟೂ ಮಕ್ಕಳು ನಮ್ಮ ಹಾಲ್‌ನಲ್ಲಿ. ಚಪ್ಪಲಿಗಳು ಮೆಟ್ಟಿಲಿನವರೆಗೆ. ಅವುಗಳಲ್ಲಿ ಒಂದು ಜೊತೆಯೂ ಜೊತೆಯಾಗಿ ಇರುತ್ತಿರಲಿಲ್ಲ.

ಗೊಂಬೆಗಳ ಕಾರ್ಯಕ್ರಮದ ನಿಜವಾದ ಹೆಸರು ಈಗ ಯಾರಿಗೂ ನೆನಪಿಲ್ಲ. ಕೈಗೆ ಹಾಕಿಕೊಂಡು ಆಡಿಸುವ ಬಟ್ಟೆಯ ಗೊಂಬೆಗಳು. ಒಂದು ಒಂಟೆ, ಒಂದು ಆಮೆ, ಆಗಾಗ ಬಂದು ಹೋಗುವ ಒಂದು ಕಾಗೆ. ಆಡಿಸುವವರ ತೋಳೇ ಒಂಟೆಯ ಕುತ್ತಿಗೆ. ಕಾರ್ಯಕ್ರಮ ಮುಗಿಯುತ್ತ ಬಂದಂತೆ ಪಾಪ ಯಾರದೋ ತೋಳು ಸೋತು ಆ ಕುತ್ತಿಗೆ ಮೆಲ್ಲಗೆ ಬಾಗುತ್ತ ಹೋಗುತ್ತಿತ್ತು. ಹಿಂದೆ ಬಣ್ಣ ಹಚ್ಚಿದ ರಟ್ಟಿನ ಮರಳುಗುಡ್ಡ. ಅಷ್ಟೇ. ಈಗಿನ ಮಕ್ಕಳ ಮುಂದೆ ಇಟ್ಟರೆ ಇದನ್ನು ಯಾಕೆ ತೊಳೆದಿಲ್ಲ ಎಂದು ಕೇಳಿಯಾರು.

ತೊಂದರೆ ಏನೆಂದರೆ ಒಂಟೆ ಮಾತಾಡುತ್ತಿದ್ದುದು ಮರಾಠಿ. ಸಹಜವೇ, ಕಾರ್ಯಕ್ರಮವೇ ಮರಾಠಿಯದು. ನಮ್ಮ ಮಕ್ಕಳೆಲ್ಲ ಆಗ ಇನ್ನೂ ಶಾಲೆಯ ಮುಖ ನೋಡದ ಪುಟ್ಟವರು, ಮನೆಯ ಕನ್ನಡ ಬಿಟ್ಟರೆ ಬೇರೆ ಗೊತ್ತಿಲ್ಲ. ಅವರಿಗಿಂತ ಮುಂದೆ, ಟೀವಿಯ ಎದುರಿಗೇ ಮಣೆ ಹಾಕಿಕೊಂಡು ಕೂಡುತ್ತಿದ್ದವರು ನಮ್ಮ ಅತ್ತೆ. ಧಾರವಾಡದ ಕಡೆಯ ಹಳ್ಳಿಯಿಂದ ಮಗನ ಮನೆಗೆ ಬಂದಿದ್ದ ಅವರು, ಮರಾಠಿ ಕಲಿಯುವುದಿಲ್ಲ ಎಂದು ಸ್ಟೇಷನ್ನಿನಲ್ಲಿ ಇಳಿಯುವಾಗಲೇ ತೀರ್ಮಾನಿಸಿದ್ದರು. ಒಂಟೆ ಬಾಯಿ ತೆರೆದರೆ ಸಾಕು, ಹಿಂದೆ ತಿರುಗದೆ, “ಏನಂತಾನ ಅಂವಾ?” ಎನ್ನುವರು. ಆ ಪ್ರಶ್ನೆ ನನಗೆ. ಓದಿದ ಸೊಸೆ ಅಲ್ಲವೇ, ಇಂಗ್ಲಿಷ್ ಬರುವವಳಿಗೆ ಮರಾಠಿ ಬರದೆ ಇರುತ್ತದೆಯೇ ಎಂಬುದು ಅವರ ಲೆಕ್ಕಾಚಾರ.

ನನ್ನ ಮರಾಠಿಯೋ, ತರಕಾರಿ ಮಂಡಿಯಲ್ಲಿ ಕಲಿತದ್ದು. ಮೆಂತ್ಯ, ಬದನೆಕಾಯಿ, ‘ಇದು ಬಾಡಿದೆ’, ‘ನಿನ್ನೆಯದೇ ಇದು’, ಇಷ್ಟರ ಆಚೆಗೆ ನಾನು ಹೋಗಿರಲಿಲ್ಲ. ಒಂಟೆ ಮೆಂತ್ಯದ ಬಗ್ಗೆ ಮಾತಾಡಿದ್ದರೆ ಅಕ್ಷರಕ್ಷರ ಹೇಳಿಬಿಡುತ್ತಿದ್ದೆ. ಅದು ಎಂದೂ ಮಾತಾಡಲಿಲ್ಲ. ಮೂಗಿನಲ್ಲಿ ಏನೇನೋ ಗಡಿಬಿಡಿಯಾಗಿ ಹೇಳುತ್ತಿತ್ತು. ಒಂದೆರಡು ವಾರ ನಾನು ತಿಳಿದಷ್ಟನ್ನು ಹೇಳಿ ನೋಡಿದೆ. ಮಕ್ಕಳು ಆಕಳಿಸಿದರು, ಅತ್ತೆ ಬತ್ತಿ ಹೊಸೆಯಲು ಶುರುಮಾಡಿದರು. ಮೂರನೆಯ ವಾರದಿಂದ ಇದು ಸಾಧ್ಯವಿಲ್ಲ ಎಂದು ಟೀವಿಯ ದನಿ ಸಣ್ಣಗೆ ಮಾಡಿಸಿ, ಹಾಲ್‌ನ ಹಿಂದೆ ಊಟದ ಮನೆಯ ಬಾಗಿಲಲ್ಲಿ ಸ್ಟೂಲ್ ಹಾಕಿಕೊಂಡು ಕೂತು, ಒಂಟೆ ಬಾಯಿ ತೆರೆದಾಗಲೆಲ್ಲ ನನಗೆ ತೋಚಿದ್ದನ್ನು ಹೇಳತೊಡಗಿದೆ. ಕದ್ದುಮುಚ್ಚಿ ಅಲ್ಲ, ರಾಜಾರೋಷವಾಗಿ; ಟೀವಿ ಬಿಟ್ಟು ಹಿಂದೆ ತಿರುಗಿದ ಮಗು ಮಾತ್ರ ಒಂದೂ ಇಲ್ಲ. ಮೂಗಿನಿಂದ, ಸ್ವಲ್ಪ ದಪ್ಪಗೆ, ನಮ್ಮ ಸೋದರಮಾವನೊಬ್ಬ ನಶ್ಯ ಏರಿಸಿಕೊಂಡು ಮಾತಾಡುತ್ತಿದ್ದ ಹಾಗೆ. ಒಂಟೆಪ್ಪ ಹುಟ್ಟಿದ್ದು ಹೀಗೆ.

ಮಗ್ಗಿನ ಮೇಲಿನ ಆ ಮಾತಿದೆಯಲ್ಲ, ‘ತಡೀಪಾ, ಸ್ವಲ್ಪ ವಿಚಾರ ಮಾಡೂಣು’, ಅದು ನನಗೆ ಏನೂ ಹೊಳೆಯದೆ ಇದ್ದಾಗ ಹೇಳುತ್ತಿದ್ದ ಮಾತು. ಒಂಟೆಯ ಬಾಯಿ ಆಡುತ್ತಿದೆ, ನನ್ನ ತಲೆ ಓಡುತ್ತಿಲ್ಲ, ಆಗ ಇದನ್ನು ಬಿಡುವುದು. ಈಗ ಮಗರಪಟ್ಟಾದ ಕಂಪನಿಯೊಂದರಲ್ಲಿ ದೊಡ್ಡ ಆಫೀಸರ್ ಆಗಿರುವ ಶಿರೀಷ ತನ್ನ ಮೀಟಿಂಗುಗಳಲ್ಲಿ ಇದನ್ನು ಹೇಳುತ್ತಾನಂತೆ. ಒಂಟೆಪ್ಪ ತನಗೆ ಪೇಶನ್ಸ್ ಕಲಿಸಿದ ಎಂದು ಗುಂಪಿನಲ್ಲಿ ಉದ್ದಕ್ಕೆ ಬರೆದಿದ್ದನ್ನು ಸಂಜೀವ ನನಗೆ ಓದಿ ತೋರಿಸಿದ. ಪೇಶನ್ಸ್ ಅಂತೆ. ಕುಕ್ಕರಿನ ಎರಡನೆಯ ಸೀಟಿಗೆ ಕಿವಿಗೊಟ್ಟು ಕೂತಿದ್ದವಳ ಪೇಶನ್ಸ್ ಯಾರಿಗೆ ಬೇಕು?

ಈ ಶಿರೀಷ ಕನ್ನಡದವನಲ್ಲ, ಕೆಳಗಿನ ಮನೆಯ ಮರಾಠಿ ಹುಡುಗ. ನಮ್ಮ ಮಕ್ಕಳ ಜೊತೆ ಕೂತು ಕೂತು, ತನ್ನದೇ ಭಾಷೆಯಲ್ಲಿ ಮಾತಾಡುವ ಒಂಟೆಯನ್ನು ನನ್ನ ಬಾಯಿಂದ ಕನ್ನಡದಲ್ಲಿ ಕೇಳಿ, ಕನ್ನಡ ಕಲಿತುಬಿಟ್ಟ.

ಅತ್ತೆಯ ವಿಷಯ ಅರ್ಧಕ್ಕೇ ಬಿಟ್ಟೆ. ಅತ್ತೆಗೂ ನನಗೂ ಜಗಳವಿರಲಿಲ್ಲ, ಮಾತೂ ಇರಲಿಲ್ಲ. ಅವರು ಕೇಳಿದ್ದಕ್ಕೆ “ಹೂಂ ರೀ”, ಕೇಳದೆ ಇದ್ದದ್ದಕ್ಕೆ ಮೌನ. ಆಗಿನ ಸೊಸೆಯಂದಿರು ಇದಕ್ಕಿಂತ ಹೆಚ್ಚು ಮಾತಾಡುವ ರೂಢಿ ಇರಲಿಲ್ಲ. ಆದರೆ ಒಂಟೆಗೆ ಯಾವ ರೂಢಿ? ಒಂದು ಭಾನುವಾರ ಒಂಟೆಪ್ಪ ಆಮೆಗೆ ಹೇಳಿದ: “ನಮ್ಮ ಮನ್ಯಾಗ ಸೂಟಿ ದಿನಾನೂ ಐದಕ್ಕ ಎಬ್ಬಸ್ತಾರವಾ. ಒಂಟಿಗೆ ಡುಬ್ಬ ಯಾಕ ಬಂತು ಅಂತ ಎಲ್ಲಾರೂ ಕೇಳ್ತಾರ. ನಿದ್ದಿಗೆಟ್ಟು ಬಂದದ್ದು ಅದು.” ಮಕ್ಕಳು ನಕ್ಕರು. ಅತ್ತೆ ನಗಲಿಲ್ಲ. ಮುಂದಿನ ಭಾನುವಾರ ನಾನು ಎದ್ದು ಅಡುಗೆಮನೆಗೆ ಹೋಗುವಷ್ಟರಲ್ಲಿ ಬೆಳಕು ಹರಿದಿತ್ತು. ಚಹಾ ಆಗಿತ್ತು. ಅತ್ತೆ ನನ್ನ ಮುಖ ನೋಡದೆ, “ಒಂಟೆಪ್ಪಗ ಒಂದಿನ ನಿದ್ದಿ ಆಗಲಿ ಅಂತ ಎಬ್ಬಿಸಲಿಲ್ಲ” ಎಂದರು.

ಅಲ್ಲಿಂದ ಮುಂದೆ ನನ್ನ ಅರ್ಜಿಗಳೆಲ್ಲ ಒಂಟೆಯ ಮೂಲಕವೇ ಹೋಗತೊಡಗಿದವು. ತವರಿಗೆ ಎಂಟು ದಿನ ಹೋಗಿ ಬರಬೇಕು ಎಂದು ಒಂಟೆಪ್ಪನಿಗೆ ಅನಿಸುತ್ತಿತ್ತು. ಸಾರಿಗೆ ಹುಣಸೆ ಜಾಸ್ತಿಯಾಯಿತು ಎಂದು ನಾಲ್ಕು ಜನರ ಎದುರಿಗೆ ಹೇಳಿದರೆ ಒಂಟೆಪ್ಪನಿಗೆ ನೋವಾಗುತ್ತಿತ್ತು. ಅತ್ತೆಯೂ ಕಡಿಮೆಯಿಲ್ಲ. ಟೀವಿಯ ಕಡೆಗೇ ಮುಖ ಮಾಡಿ, “ಒಂಟೆಪ್ಪಾ, ತವರಿಗೆ ಹೋಗೂದಿದ್ರ ಹೋಗು. ಆದ್ರ ಪಂಚಮಿ ಹಬ್ಬಕ್ಕ ತಿರುಗಿ ಬಾ. ನನ್ನ ಕೈಲೆ ಉಂಡಿ ಕಟ್ಟೂದು ಆಗಂಗಿಲ್ಲ” ಎನ್ನುವರು. ಟೀವಿಯ ಜೊತೆ ಮಾತಾಡುತ್ತಾಳೆ ಅಜ್ಜಿ ಎಂದು ಮಕ್ಕಳಿಗೆ ನಗೆ.

ಒಮ್ಮೆ ನನಗೆ ಜ್ವರ. ಒಳಗಿನ ಕೋಣೆಯಲ್ಲಿ ಹೊದ್ದು ಮಲಗಿದ್ದೆ. ಹಾಲ್‌ನಲ್ಲಿ ಮಕ್ಕಳು ಸೇರಿದರು. ಟೀವಿ ಹಚ್ಚಿದರು. ನಮ್ಮವರು ತಾವೇ ಹೇಳುತ್ತೇನೆಂದು ನನ್ನ ಸ್ಟೂಲಿನ ಮೇಲೆ ಕೂತು, ಮರಾಠಿ ಚೆನ್ನಾಗಿ ಬಲ್ಲವರಾದ್ದರಿಂದ, ಒಂಟೆ ನಿಜವಾಗಿ ಏನು ಹೇಳುತ್ತಿತ್ತೋ ಅದನ್ನೇ ಶುದ್ಧವಾಗಿ ಕನ್ನಡಕ್ಕೆ ಮಾಡಿ ಹೇಳಿದರು. ಒಂದೆರಡು ನಿಮಿಷವಾಗಿರಬೇಕು. ಅತ್ತೆಯ ದನಿ ಕೇಳಿಸಿತು: “ಬಂದ್ ಮಾಡೋ. ಇವತ್ತ ಒಂಟೆಪ್ಪಗ ಆರಾಮಿಲ್ಲ.” ಮರದ ಬಾಗಿಲು ಸರಿದ ಸದ್ದು, ಕೀಲಿ ಹಾಕಿದ ಸದ್ದು. ಆಮೇಲೆ ಅವರು ಒಳಗೆ ಬಂದು ನನ್ನ ಹಣೆಯ ಮೇಲೆ ಒದ್ದೆ ಬಟ್ಟೆ ಹಾಕಿ ಬಹಳ ಹೊತ್ತು ಕೂತಿದ್ದರು.

ಅತ್ತೆ ಹೋಗಿ ಬಹಳ ವರ್ಷಗಳಾದವು. ನಮ್ಮವರೂ ಈಗಿಲ್ಲ. ಒಂಟೆ ಯಾರೆಂದು ತಿಳಿದಿದ್ದವರು ಹೀಗೆ ಮುಗಿದರು. ಉಳಿದವರು ಈ ಬಚ್ಚಾಗಳು, ಅವರು ಮಗ್ಗು ಮಾಡಿಸುತ್ತಿದ್ದಾರೆ.

ಮಗ್ಗು ಬಂದ ಎರಡು ದಿನಕ್ಕೆ ಇನ್ನೊಂದು ರಾಮಾಯಣ. ಆ ಕಾರ್ಯಕ್ರಮದ ಒಂದು ತುಣುಕನ್ನು ಯಾರೋ ಹಳೆಯ ಟೇಪಿನಿಂದ ತೆಗೆದು ಇಂಟರ್ನೆಟ್ಟಿಗೆ ಹಾಕಿದ್ದಾರೆಂದು ಶಿರೀಷ ಪತ್ತೆ ಹಚ್ಚಿದ. ಗುಂಪಿನಲ್ಲಿ ಹಬ್ಬ. ಹತ್ತು ನಿಮಿಷದಲ್ಲಿ ಹಬ್ಬ ಮುಗಿದು ಕೋಪ. ಯಾಕೆಂದರೆ ಒಂಟೆಪ್ಪ ಮರಾಠಿ ಮಾತಾಡುತ್ತಿದ್ದಾನೆ. ಯಾರೋ ಡಬ್ಬಿಂಗ್ ಮಾಡಿ ಹಾಳು ಮಾಡಿದ್ದಾರೆ ಎಂದು ಎಲ್ಲರ ಒಮ್ಮತ. ‘ದಯವಿಟ್ಟು ಒರಿಜಿನಲ್ ಕನ್ನಡ ಆಡಿಯೋ ಹಾಕಿ’ ಎಂದು ಶಿರೀಷ ಆ ವಿಡಿಯೋದ ಕೆಳಗೆ ಬರೆದ. ಅದನ್ನು ಹಾಕಿದ್ದ ಹೆಣ್ಣುಮಗಳು ಸಭ್ಯವಾಗಿ ಉತ್ತರ ಕೊಟ್ಟಳು: ಇದು ಮರಾಠಿಯಲ್ಲಿ ಮಾತ್ರ ಬಂದ ಕಾರ್ಯಕ್ರಮ, ಒಂಟೆಯನ್ನು ಆಡಿಸುತ್ತಿದ್ದವರು ನನ್ನ ತಂದೆ. ಅದಕ್ಕೆ ನಮ್ಮ ಶಿರೀಷ, ‘ಮೇಡಂ, ನನ್ನ ಬಾಲ್ಯ ನನಗೆ ಗೊತ್ತು’ ಎಂದು ಬರೆದನಂತೆ. ಒಂಟೆಯ ಕುತ್ತಿಗೆಯಾಗಿ ತೋಳು ಸೋತವರ ಮಗಳಿಗೆ. ಇದನ್ನು ಕೇಳಿ ನನಗೆ ಎಷ್ಟು ಸಿಟ್ಟು ಬಂತೆಂದರೆ ಅಂದು ಮಧ್ಯಾಹ್ನದ ನಿದ್ದೆ ಬರಲಿಲ್ಲ.

ಈ ಅನ್ಯಾಯದ ವಿಚಾರಣೆಗಾಗಿ ಮೊನ್ನೆ ಭಾನುವಾರ ಬಚ್ಚಾ ಪಾರ್ಟಿಯ ಪುಣೆಯ ಶಾಖೆ ನಮ್ಮ ಮನೆಯಲ್ಲಿ ಸೇರಿತು. ಸೋಫಾದ ಮೇಲೆ ಕೂಡಬಹುದಿತ್ತು. ಹಳೆಯ ಹಾಗೆಯೇ ಕೂಡಬೇಕೆಂದು ನೆಲದ ಮೇಲೆ ಕೂತರು, ಕೂಡುವಾಗ ಪ್ರತಿಯೊಬ್ಬರೂ ನರಳಿದರು. ನನ್ನ ಸೊಸೆ ಮೇಘಾ ಬೆಂಗಳೂರಿನವಳು, ಇವರ ಹುಚ್ಚನ್ನು ಹೊರಗಿನಿಂದ ನೋಡುವವಳು. “ಅತ್ತೆ, ಇವ್ರಿಗೆಲ್ಲಾ ಏನಾಗಿದೆ?” ಎಂದು ನನ್ನ ಕಿವಿಯಲ್ಲಿ ಕೇಳಿ, ಅವಲಕ್ಕಿಯ ತಟ್ಟೆಗಳನ್ನು ಹಂಚಿದಳು. ನಾನು ಹಿಂದೆ ಊಟದ ಟೇಬಲ್ಲಿನ ಕುರ್ಚಿಯಲ್ಲಿ ಅವರೆಕಾಯಿ ಸುಲಿಯುತ್ತ ಕೂತೆ.

ಗೋಡೆಯಷ್ಟು ದೊಡ್ಡ ಟೀವಿಯಲ್ಲಿ ಒಂಟೆ ಬಂತು. ನಾನು ನೆನೆದದ್ದಕ್ಕಿಂತ ಚಿಕ್ಕದು, ಕಣ್ಣಿನ ಒಂದು ಗುಂಡಿ ಸಡಿಲ. ಮೊಮ್ಮಗಳು ತಾರಾ ಅದನ್ನು ಅರ್ಧ ನಿಮಿಷ ನೋಡಿ, “ಕೈ ಕಾಣಿಸ್ತಿದೆ” ಎಂದು ಎದ್ದು ತನ್ನ ಕೋಣೆಗೆ ಹೋದಳು.

“ಹಾ ಆಪಲಾ ಒಂಟೆಪ್ಪ ನಾಹೀಚ್,” ಎಂದ ಶಿರೀಷ. “ಇಂವಾ ಬ್ಯಾರೆ ಯಾವನೋ. ದನೀನೂ ಅಲ್ಲ, ಮಾತೂ ಅಲ್ಲ.”

“ನಮ್ಮ ಒಂಟೆಪ್ಪ ಇಷ್ಟು ಗಡಿಬಿಡಿ ಮಾಡತಿದ್ದಿಲ್ಲ,” ಎಂದಳು ಮಾಲತಿ. ಆಗ ಎದುರುಮನೆಯವಳು, ಈಗ ಹಲ್ಲಿನ ಡಾಕ್ಟರ್.

“ಅಮ್ಮಾ, ನೀನ ಹೇಳು,” ಎಂದ ಸಂಜೀವ, ಟೀವಿಯಿಂದ ಕಣ್ಣು ತೆಗೆಯದೆ. “ಕನ್ನಡದಾಗ ಇತ್ತಲ್ಲ?”

“ಇತ್ತು,” ಎಂದೆ.

“ನೋಡ್ರಿ,” ಎಂದ ಅವನು ಉಳಿದವರಿಗೆ.

ಮುಗಿಯಿತು. ಇಷ್ಟು ಹತ್ತಿರ ಬಂದು, ಬಾಗಿಲು ತಟ್ಟಿ, ಒಳಗೆ ಬಾರದೆ ಹೊರಟುಹೋದ. ಲೇಡಿಯಾಗಿ ಉಳಿಯುವುದು ಎಷ್ಟು ಕಷ್ಟವೆಂದು ನಮ್ಮ ಸಿಸ್ಟರ್‌ಗಳು ಮೊದಲೇ ಹೇಳಬೇಕಿತ್ತು. ಅವರೆಕಾಯಿಯ ಸಿಪ್ಪೆ ಕಾಳಿನ ಪಾತ್ರೆಗೆ, ಕಾಳು ಸಿಪ್ಪೆಯ ಬುಟ್ಟಿಗೆ ಬೀಳತೊಡಗಿದವು.

ಆ ಮರಾಠಿ ಕೇಳಲಾಗದೆಂದು ಶಿರೀಷ, ಮರಾಠಿಯವನೇ, ರಿಮೋಟ್ ಒತ್ತಿ ಟೀವಿಯ ದನಿ ಬಂದ್ ಮಾಡಿದ. ಎಲ್ಲರೂ ಒಮ್ಮೆಲೇ ವಾದಕ್ಕಿಳಿದರು. ಒಂಟೆಗೆ ಇದ್ದದ್ದು ಒಂದು ಡುಬ್ಬವೋ ಎರಡೋ ಎಂಬಲ್ಲಿಗೆ ಮಾತು ಹೋಯಿತು. ಅತ್ತ ಒಂಟೆ ಒಬ್ಬಂಟಿಯಾಗಿ ಬಾಯಿ ಆಡಿಸುತ್ತಲೇ ಇತ್ತು. ಅದರ ಬಾಯಿ ತೆರೆಯುತ್ತದೆ, ಮುಚ್ಚುತ್ತದೆ, ದನಿ ಇಲ್ಲ. ಎಷ್ಟೋ ವರ್ಷ ಆ ಬಾಯಿ ತೆರೆದಾಗೆಲ್ಲ ಏನಾದರೂ ಹಾಕಿ ತುಂಬಿಸಿದವಳು ನಾನು. ನೋಡಲಾಗಲಿಲ್ಲ. ಸಿಟ್ಟು ಬೇರೆ ಇತ್ತು.

“ಅಲ್ರೋ,” ಎಂದ ಒಂಟೆಪ್ಪ. “ನನ್ನ ಡುಬ್ಬ ಎಣಿಸ್ಲಿಕ್ಕೆ ಇಷ್ಟು ಮಂದಿ ಕೂಡೀರೇನು? ಮೊದಲ ನಿಮ್ಮ ನಿಮ್ಮ ಹೊಟ್ಟಿ ನೋಡಿಕೋರಿ. ನನಗರ ಬೆನ್ನಿಗೆ ಬಂದದ, ನಿಮಗ ಮುಂದ ಬಂದದ.”

ದನಿ ಮೊದಲಿನ ಹಾಗಿರಲಿಲ್ಲ. ಅಲ್ಲಲ್ಲಿ ಬಿರುಕು ಬಿಟ್ಟಿತು. ಆದರೆ ಮೂಗು ಅದೇ.

ವಾದ ನಿಂತಿತು. ಒಬ್ಬರೂ ಹಿಂದೆ ತಿರುಗಲಿಲ್ಲ. ಎಲ್ಲರ ಕಣ್ಣು ಟೀವಿಯ ಮೇಲೆ. “ಹಾಂ, ಈಗ ಬಂತು,” ಎಂದಳು ಮಾಲತಿ ಮೆಲ್ಲಗೆ. “ಇದ ನೋಡು, ಇದ ಒಂಟೆಪ್ಪ.” ಶಿರೀಷ ಕೈಯಲ್ಲಿದ್ದ ರಿಮೋಟನ್ನು ನೆಲದ ಮೇಲಿಟ್ಟ. ಮೇಘಾ ಮಾತ್ರ, ಅಡುಗೆಮನೆಯ ಬಾಗಿಲಲ್ಲಿ ತಟ್ಟೆ ಹಿಡಿದು ನಿಂತವಳು, ಟೀವಿಯನ್ನು ಬಿಟ್ಟು ನನ್ನನ್ನು ನೋಡುತ್ತಿದ್ದಳು.

“ಡಾಕ್ಟರಬಾಯಿ,” ಎಂದ ಒಂಟೆಪ್ಪ, “ನನ್ನ ಹಲ್ಲು ನೋಡ್ತೀಯೇನವಾ? ಸಣ್ಣಾಕಿ ಇದ್ದಾಗ ನನ್ನ ನೋಡಿಕೋತ ಹಳೇ ಹಾಲಿನ್ಯಾಗ ಒಂದು ಹಲ್ಲು ಬೀಳಿಸಿಕೊಂಡು ಅತ್ತಿದ್ದಿ. ಮತ್ತ ನೀನು, ಶಿರೀಷಪ್ಪ, ನನ್ನ ಆಡಿಸಿದವರ ಮಗಳಿಗೆ ಎದುರು ಮಾತಾಡಿದ್ಯಂತ. ಅವರ ತೋಳು ಇರದಿದ್ರ ನಾ ಎಲ್ಲಿರತಿದ್ದೆ? ಇವತ್ತ ಮನಿಗೆ ಹೋಗಿ, ತಪ್ಪಾತು ತಾಯಿ ಅಂತ ಬರದ ಬಿಡು.”

“ಬರೀತೇನಿ,” ಎಂದ ಶಿರೀಷ ಟೀವಿಗೆ.

ಒಂಟೆಯ ಕುತ್ತಿಗೆ ಬಾಗತೊಡಗಿತು. ಇನ್ನೂ ಏನೇನೋ ಹೇಳುವುದಿತ್ತು, ಆ ಹಾಳು ತುಣುಕು ಅಲ್ಲಿಗೇ ಮುಗಿದು ಟೀವಿ ಕಪ್ಪಾಯಿತು. ಆಡಿಸುವ ಬಾಯಿ ಇಲ್ಲದೆ ನನಗೆ ಮಾತು ಬರುವುದಿಲ್ಲ. ನಿಲ್ಲಿಸಿದೆ. ಕಪ್ಪು ಗಾಜಿನಲ್ಲಿ ಈಗ ಕಾಣುತ್ತಿದ್ದುದು ನೆಲದ ಮೇಲೆ ಕೂತ ಅವರು, ಅವರ ಹಿಂದೆ ಕುರ್ಚಿಯ ಮೇಲೆ ನಾನು.

ಮೊದಲು ತಿರುಗಿದವನು ಸಂಜೀವ. ಮಂಡಿನೋವಿನವನು, ಕೂತಲ್ಲೇ ಕೈಯೂರಿ ಇಡೀ ಮೈಯನ್ನು ಈ ಕಡೆಗೆ ಹೊರಳಿಸಿಕೊಂಡ. ನನ್ನನ್ನು ನೋಡಿದ. ಬಾಯಿ ತೆರೆದ, ಮುಚ್ಚಿದ.

“ಅಂದ್ರ,” ಎಂದ ಕೊನೆಗೆ. “ಅಂದ್ರ, ಅಮ್ಮಾ, ನೀನ?”

ಆಮೇಲೆ ಮಾಲತಿ ತಿರುಗಿದಳು, ಶಿರೀಷ ತಿರುಗಿದ, ಒಬ್ಬೊಬ್ಬರಾಗಿ ಉಳಿದವರು. “ಕಾಕೂದ ದನಿ,” ಎಂದ ಶಿರೀಷ, ಯಾರಿಗೂ ಅಲ್ಲ, ತನಗೆ ತಾನೇ ಎಂಬಂತೆ. “ಕಾಕೂದ ದನಿ ಇತ್ತು ಅದು.” ನಾನು ಇಷ್ಟು ವರ್ಷ ಕಾದ ಮಾತು ಬಂದೇಬಿಟ್ಟಿತು. ಬಂದಾಗ ನನ್ನ ತೊಡೆಯ ಮೇಲೆ ಅವರೆಕಾಯಿಯ ಸಿಪ್ಪೆ, ಮುಖದ ಮೇಲೆ ಇನ್ನೂ ಒಂಟೆಯ ಮೂಗು. ಅಷ್ಟೂ ಜನ ನೆಲದ ಮೇಲಿಂದ ನನ್ನ ಮುಖವನ್ನೇ ನೋಡುತ್ತ, ಇನ್ನೇನೋ ಹೇಳುತ್ತಾಳೆಂದು ಕಾಯುತ್ತ ಕೂತಿದ್ದಾರೆ. ಇಂಥ ಹೊತ್ತಿಗೆಂದು ಎಷ್ಟೋ ಸಲ ಮನಸ್ಸಿನಲ್ಲಿ ಒಳ್ಳೊಳ್ಳೆಯ ಮಾತುಗಳನ್ನು ಜೋಡಿಸಿ ಇಟ್ಟುಕೊಂಡಿದ್ದೆ, ಇಂಗ್ಲಿಷಿನಲ್ಲಿ ಕೂಡ. ಒಂದೂ ಬರಲಿಲ್ಲ.

“ಹಂಗ ಪಿಳಿಪಿಳಿ ಏನು ನೋಡ್ತೀರಿ?” ಎಂದೆ. “ಯಾರರೇ ಒಂದು ಗ್ಲಾಸ್ ನೀರು ತರ್ರಿ.”

ಎಲ್ಲರೂ ಒಮ್ಮೆಲೇ ನರಳುತ್ತ ಎದ್ದರು.